ಮಾರ್ಟ್‌ನ ಸ್ವಂತ ಮಾಲು: ನಂಬಿಕೆ ಎಷ್ಟು, ನಿಜ ಎಷ್ಟು?

ತಿಂಗಳ ಸಾಮಾನಿಗೆಂದು ಸೂಪರ್‌ಮಾರ್ಕೆಟ್ ಹೊಕ್ಕರೆ ಒಂದೇ ಕಪಾಟಿನಲ್ಲಿ ಎರಡು ಬಗೆಯ ಮಾಲು ಕಾಣುತ್ತದೆ. ಒಂದು, ಟಿವಿಯಲ್ಲಿ ದಿನಕ್ಕೆ ಹತ್ತು ಸಲ ಹೆಸರು ಕೇಳಿಸುವ ಕಂಪನಿಯದು. ಇನ್ನೊಂದು, ಅದರ ಮಗ್ಗುಲಲ್ಲೇ ಹತ್ತಿಪ್ಪತ್ತು ರೂಪಾಯಿ ಕಡಿಮೆಗೆ ಕೂತ ಅಂಗಡಿಯವರದೇ ಬ್ರಾಂಡ್. ಡಿ-ಮಾರ್ಟ್‌ನಲ್ಲಿ ಪ್ರೀಮಿಯಾ, ರಿಲಯನ್ಸ್‌ನಲ್ಲಿ ಗುಡ್ ಲೈಫ್, ಬಿಗ್‌ಬಾಸ್ಕೆಟ್‌ನಲ್ಲಿ ಬಿಬಿ ರಾಯಲ್, ಅಮೆಜಾನ್‌ನಲ್ಲಿ ಸೋಲಿಮೋ, ಹೀಗೆ.

ಪದ್ಧತಿಯೇನೂ ಹೊಸದಲ್ಲ. ಬೆಂಗಳೂರಿನ ಬ್ರಿಗೇಡ್ ರಸ್ತೆಯ ನೀಲಗಿರೀಸ್ ದಶಕಗಳ ಕಾಲ ತನ್ನದೇ ಹೆಸರಿನ ಬ್ರೆಡ್ಡು, ಬೆಣ್ಣೆ ಮಾರಿ ಹೆಸರಾಯಿತು. ಊರೂರಿನ ಕಾಫಿಪುಡಿ ಅಂಗಡಿಗಳು ಇಂದಿಗೂ ತಾವೇ ಹುರಿದು ಬೀಸಿ ತಮ್ಮ ಪೊಟ್ಟಣದಲ್ಲಿ ಕೊಡುತ್ತವೆ. ಬದಲಾಗಿರುವುದು ವ್ಯಾಪ್ತಿ. ಉಪ್ಪಿನಿಂದ ಹಿಡಿದು ಎಲ್‌ಇಡಿ ಬಲ್ಬಿನವರೆಗೆ ಈಗ ಎಲ್ಲದಕ್ಕೂ ಅಂಗಡಿಯ ಮುದ್ರೆ ಬಿದ್ದಿದೆ.

ಇದರ ಬಗ್ಗೆ ಮನೆಮನೆಯಲ್ಲೂ ಎರಡು ಪಕ್ಷ. ‘ಅಗ್ಗದ ಮಾಲು, ಮುಟ್ಟಬೇಡಿ’ ಎನ್ನುವವರು ಒಂದು ಕಡೆ, ‘ಎಲ್ಲ ಒಂದೇ, ಹೆಸರಿಗೆ ಯಾಕೆ ದುಡ್ಡು ಸುರಿಯಬೇಕು’ ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತೂ ಕೆಲವು ವಸ್ತುಗಳಿಗೆ ಸರಿ, ಕೆಲವಕ್ಕೆ ತಪ್ಪು. ತೀರ್ಮಾನಿಸಲು ಎರಡು ಪ್ರಶ್ನೆ ಸಾಕು. ಆ ವಸ್ತುವಿನ ಗುಣವನ್ನು ಕಣ್ಣಿನಿಂದಲೋ ಲೇಬಲ್ಲಿನಿಂದಲೋ ತಿಳಿಯಬಹುದೇ? ಅದು ಕೈಕೊಟ್ಟರೆ ಆಗುವ ನಷ್ಟ ಎಷ್ಟು? ಇವೆರಡನ್ನು ಇಟ್ಟುಕೊಂಡು ಚಾಲ್ತಿಯಲ್ಲಿರುವ ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಬೆಲೆ ಕಡಿಮೆ ಅಂದಮೇಲೆ ಮಾಲೂ ಕಳಪೆಯೇ

ಸತ್ಯ: ಹೆಸರಾಂತ ಕಂಪನಿಯ ಪೊಟ್ಟಣದ ಬೆಲೆಯಲ್ಲಿ ಒಳಗಿನ ಪದಾರ್ಥದ ಜೊತೆಗೆ ಜಾಹೀರಾತು, ಸಿನಿಮಾ ತಾರೆಯ ಸಂಭಾವನೆ, ವಿತರಕರ ಮತ್ತು ಸಗಟು ವ್ಯಾಪಾರಿಯ ಪಾಲು ಎಲ್ಲವೂ ಸೇರಿರುತ್ತದೆ. ಅಂಗಡಿಯವರು ನೇರವಾಗಿ ತಯಾರಕರಿಂದಲೇ ತರಿಸಿ ತಮ್ಮ ಕಪಾಟಿನಲ್ಲೇ ಇಡುವುದರಿಂದ ಈ ಖರ್ಚಿನ ಬಹುಭಾಗ ಉಳಿಯುತ್ತದೆ. ಗ್ರಾಹಕರಿಗೆ ಬೆಲೆ ಇಳಿಸಿಯೂ ಅಂಗಡಿಗೆ ಹೆಚ್ಚು ಲಾಭ ಗಿಟ್ಟುವುದು ಹೀಗೆ. ಅವರ ಮಾಲು ನಮ್ಮ ಕಣ್ಣಿನ ಮಟ್ಟದ ಸಾಲಿನಲ್ಲೇ ಇರುವುದಕ್ಕೂ ಇದೇ ಕಾರಣ.

ಹಾಗಾಗಿ ಎಲ್ಲರ ಪೊಟ್ಟಣದಲ್ಲೂ ಒಂದೇ ಪದಾರ್ಥ ಇರಲೇಬೇಕಾದ ಕಡೆ ಹೆಸರಿಗೆ ಹೆಚ್ಚು ಕೊಡಬೇಕಿಲ್ಲ. ಬಿಳಿ ಸಕ್ಕರೆ ಹೆಚ್ಚುಕಡಿಮೆ ಶುದ್ಧ ಸುಕ್ರೋಸ್. ಹರಳಿನ ಗಾತ್ರ ಬೇರೆಯಾಗಬಹುದು, ಸಿಹಿ ಬೇರೆಯಾಗದು. ಅಯೋಡಿನ್ ಉಪ್ಪಿನಲ್ಲಿ ಅಂಗಡಿಯ ಹಂತದಲ್ಲಿ ಕನಿಷ್ಠ 15 ಪಿಪಿಎಂ ಅಯೋಡಿನ್ ಇರಬೇಕೆಂಬ ಕಾನೂನು ಎಲ್ಲ ಬ್ರಾಂಡಿಗೂ ಒಂದೇ. ಅಡಿಗೆ ಸೋಡಾ, ಹತ್ತಿ, ಬೆಂಕಿಪೊಟ್ಟಣ ಇವೂ ಇದೇ ಸಾಲಿನವು. ಅಲ್ಯುಮಿನಿಯಂ ಫಾಯಿಲ್ ಆದರೆ ಎಷ್ಟು ಮೀಟರ್, ಎಷ್ಟು ಮೈಕ್ರಾನ್ ದಪ್ಪ ಎಂದು ನೋಡಿದರೆ ಸಾಕು. ಟಿಶ್ಯೂ ಪೆಟ್ಟಿಗೆಯಲ್ಲಿ ಹಾಳೆಗಳ ಸಂಖ್ಯೆ ಮತ್ತು ಪದರ ಎರಡನ್ನೂ ನೋಡಿ. ಎರಡು ಪದರದ 100 ಹಾಳೆಯನ್ನು ಒಬ್ಬರು 100 ಎಂದರೆ ಇನ್ನೊಬ್ಬರು 200 ಎಂದು ದೊಡ್ಡದಾಗಿ ಬರೆಯುವುದುಂಟು.

ತಪ್ಪು ಕಲ್ಪನೆ 2: ಎಲ್ಲ ಒಂದೇ ಫ್ಯಾಕ್ಟರಿಯದು, ಲೇಬಲ್ ಮಾತ್ರ ಬೇರೆ

ಸತ್ಯ: ಮೊದಲರ್ಧ ಎಷ್ಟೋ ಸಲ ನಿಜ. ಇಂಥ ಅಂಗಡಿಗಳಿಗೆ ಸಾಮಾನ್ಯವಾಗಿ ಸ್ವಂತ ಕಾರ್ಖಾನೆ ಇರುವುದಿಲ್ಲ, ಗುತ್ತಿಗೆಗೆ ಮಾಡಿಸುತ್ತವೆ. ದೊಡ್ಡ ಕಂಪನಿಗಳೂ ತಮ್ಮ ಮಾಲಿನ ಒಂದು ಭಾಗವನ್ನು ಹೊರಗಿನ ಘಟಕಗಳಲ್ಲೇ ಮಾಡಿಸುತ್ತವೆ. ಆದ್ದರಿಂದ ಎರಡರ ಹಿಂಬದಿಯಲ್ಲೂ ಒಂದೇ ವಿಳಾಸ ಕಂಡರೆ ಆಶ್ಚರ್ಯವಿಲ್ಲ.

ಆದರೆ ಒಂದೇ ಅಡಿಗೆಭಟ್ಟರು ಎರಡು ಮದುವೆಗೆ ಅಡಿಗೆ ಮಾಡಿದರೆ ಎರಡೂ ಕಡೆಯ ಊಟ ಒಂದೇ ಆಗುವುದಿಲ್ಲ. ಎಷ್ಟು ಗೋಡಂಬಿ, ಎಷ್ಟು ತುಪ್ಪ ಎನ್ನುವುದು ಮನೆಯವರು ಕೊಟ್ಟ ಸಾಮಾನಿನ ಮೇಲೆ ನಿಂತಿದೆ. ಕಾರ್ಖಾನೆಯದೂ ಇದೇ ಕಥೆ. ಸಾಮಗ್ರಿ, ಪ್ರಮಾಣ, ಪರೀಕ್ಷೆ ಎಲ್ಲವೂ ಮಾಡಿಸುವವರು ಹೇಳಿದಂತೆ. ಮೇಲಾಗಿ, ಅಂಗಡಿಯವರು ಪೊಟ್ಟಣದ ಮುಂಬದಿಯನ್ನು ಹಾಗೇ ಇಟ್ಟು ತಯಾರಕರನ್ನು ಬದಲಿಸಬಹುದು. ಹೋದ ತಿಂಗಳು ಚೆನ್ನಾಗಿದ್ದ ಉಪ್ಪಿನಕಾಯಿಯ ರುಚಿ ಈ ತಿಂಗಳು ಬೇರೆ ಅನ್ನಿಸಿದರೆ ಹಿಂಬದಿಯ ವಿಳಾಸ ನೋಡಿ. ಆಹಾರ ಪದಾರ್ಥವಾದರೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ಸಂಖ್ಯೆ ಇದ್ದೇ ಇರುತ್ತದೆ. ಆ ಸಂಖ್ಯೆ ಯಾರದೆಂದು ಪ್ರಾಧಿಕಾರದ ಫೋಸ್ಕೋಸ್ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು.

ತಪ್ಪು ಕಲ್ಪನೆ 3: ಎಂಆರ್‌ಪಿ ಮೇಲೆ ಅರ್ಧಕ್ಕರ್ಧ ಕಡಿತ ಅಂದರೆ ಅರ್ಧ ದುಡ್ಡು ಉಳಿಯಿತು

ಸತ್ಯ: ಎಂಆರ್‌ಪಿಯನ್ನು ಸರ್ಕಾರ ನಿಗದಿ ಮಾಡುತ್ತದೆ ಎಂದು ಎಷ್ಟೋ ಜನ ತಿಳಿದಿದ್ದಾರೆ. ದಿನಬಳಕೆಯ ಸಾಮಾನುಗಳಲ್ಲಿ ಅದು ಮಾಲು ತರುವವರೇ ಮುದ್ರಿಸುವ ಅಂಕಿ. ಅದಕ್ಕಿಂತ ಹೆಚ್ಚಿಗೆ ಮಾರಬಾರದು ಎನ್ನುವುದಷ್ಟೇ ಕಾನೂನು. ಅಂಗಡಿಯ ಸ್ವಂತ ಬ್ರಾಂಡಿನಲ್ಲಿ ಆ ಅಂಕಿ ಬರೆಸುವವರೂ ಅಂಗಡಿಯವರೇ, ಕಡಿತ ಕೊಡುವವರೂ ಅವರೇ. 200 ಎಂದು ಮುದ್ರಿಸಿ 99ಕ್ಕೆ ಮಾರಿದ ನೆಲ ಒರೆಸುವ ದ್ರಾವಣ ಎಂದಾದರೂ 200ಕ್ಕೆ ಮಾರಾಟವಾಗಿತ್ತೇ ಎಂಬುದನ್ನು ಕೇಳಿಕೊಳ್ಳಬೇಕು.

ಇಲ್ಲಿ ಕೈಹಿಡಿಯುವುದು ಪೊಟ್ಟಣದ ಮೇಲಿನ ಇನ್ನೊಂದು ಅಂಕಿ, ಏಕಮಾನ ಬೆಲೆ. ಪೊಟ್ಟಣ ಕಟ್ಟಿದ ಸಾಮಾನುಗಳ ಮೇಲೆ ಗ್ರಾಮಿಗೆ, ಮಿಲಿಲೀಟರಿಗೆ, ಕಿಲೋಗೆ ಅಥವಾ ಲೀಟರಿಗೆ ಎಷ್ಟು ಎಂದು ಮುದ್ರಿಸಬೇಕೆಂಬ ನಿಯಮ ಈಚಿನ ವರ್ಷಗಳಲ್ಲಿ ಬಂದಿದೆ. ಒಂದು ಕಿಲೋಗಿಂತ ಕಡಿಮೆಯ ಪೊಟ್ಟಣಕ್ಕೆ ಗ್ರಾಮಿನ ಲೆಕ್ಕ, ಹೆಚ್ಚಿನದಕ್ಕೆ ಕಿಲೋ ಲೆಕ್ಕ. 750 ಗ್ರಾಂ ಪೊಟ್ಟಣದಲ್ಲಿ 0.21 ಎಂದಿದ್ದು, 2 ಕಿಲೋ ಪೊಟ್ಟಣದಲ್ಲಿ 190 ಎಂದಿದ್ದರೆ ಮೊದಲನೆಯದನ್ನು ಸಾವಿರದಿಂದ ಗುಣಿಸಿ. 210 ಆಯಿತು, ಅಂದರೆ ಸಣ್ಣದು ಕಿಲೋಗೆ 20 ರೂಪಾಯಿ ತುಟ್ಟಿ. ಇದು ಎಂಆರ್‌ಪಿಯ ಲೆಕ್ಕ ಎನ್ನುವುದು ನೆನಪಿರಲಿ. ಕಡಿತದ ಬೆಲೆಗೆ ಮಾರುತ್ತಿದ್ದರೆ ಕೊಡುವ ದುಡ್ಡನ್ನು ತೂಕದಿಂದ ಭಾಗಿಸಬೇಕು.

ಎಣ್ಣೆಯ ವಿಷಯದಲ್ಲಂತೂ ಈ ಲೆಕ್ಕ ಬಿಡಲೇಬಾರದು. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ನೋಡಲು ಒಂದು ಲೀಟರಿನಂತೆಯೇ ಇರುವ ಪ್ಯಾಕೆಟ್ಟಿನಲ್ಲಿ ಅದಕ್ಕಿಂತ ಕಡಿಮೆ ತುಂಬಿ ಬೆಲೆ ಇಳಿಸಿದಂತೆ ತೋರಿಸುವುದು ಅಂಗಡಿ ಬ್ರಾಂಡಿನಲ್ಲೂ ಇದೆ, ದೊಡ್ಡ ಬ್ರಾಂಡಿನಲ್ಲೂ ಇದೆ.

ತಪ್ಪು ಕಲ್ಪನೆ 4: ಸೋಪ್ ಅಂದರೆ ಸೋಪೇ, ಯಾವುದಾದರೇನು

ಸತ್ಯ: ಮೈಸೋಪಿನ ಹೊದಿಕೆಯ ಮೇಲೆ ಟಿಎಫ್‌ಎಂ ಎಂದು ಸಣ್ಣಕ್ಷರದಲ್ಲಿ ಒಂದು ಅಂಕಿ ಇರುತ್ತದೆ. ಸೋಪಿನಲ್ಲಿ ಕೊಬ್ಬಿನಾಮ್ಲದ ಅಂಶ ಎಷ್ಟು ಎಂಬ ಲೆಕ್ಕ ಅದು. ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಪ್ರಕಾರ ಮೊದಲ ದರ್ಜೆಯ ಸೋಪಿಗೆ ಕನಿಷ್ಠ 76, ಎರಡನೆಯದಕ್ಕೆ 70, ಮೂರನೆಯದಕ್ಕೆ 60 ಶೇಕಡಾ ಬೇಕು. ‘ಬೇಥಿಂಗ್ ಬಾರ್’ ಎಂದು ಬರೆದಿದ್ದರೆ ಅದು ಬೇರೆಯೇ ಜಾತಿ, ಅದಕ್ಕೆ 40 ಇದ್ದರೂ ಸಾಕು. ನಮ್ಮ ಮೈಸೂರು ಸ್ಯಾಂಡಲ್ ಸೋಪು ಮೊದಲ ದರ್ಜೆಯದು.

ಟಿಎಫ್‌ಎಂ ಕಡಿಮೆಯಾದಂತೆ ಸೋಪು ಬೇಗ ಮೆತ್ತಗಾಗಿ ಕರಗುತ್ತದೆ, ಕೆಲವರಿಗೆ ಚರ್ಮ ಒಣಗಿದಂತೆಯೂ ಆಗುತ್ತದೆ. ಬೆಲೆ ಹೋಲಿಸುವಾಗಲೂ ಈ ಅಂಕಿ ಬೇಕು. 60 ಶೇಕಡಾದ 125 ಗ್ರಾಂ ಸೋಪಿನಲ್ಲಿ ಇರುವುದು 75 ಗ್ರಾಂ ಕೊಬ್ಬಿನಾಮ್ಲ, 76 ಶೇಕಡಾದ 100 ಗ್ರಾಂ ಸೋಪಿನಲ್ಲಿ 76 ಗ್ರಾಂ. ನೋಡಲು ದಪ್ಪನೆಯ ಬಿಲ್ಲೆಯಲ್ಲಿ ಹೆಚ್ಚೇನೂ ಸಿಕ್ಕಿದಂತಾಗಲಿಲ್ಲ.

ಸೋಪಿನಲ್ಲಿ ದರ್ಜೆ ಕಣ್ಣಿಗೇ ಕಾಣುವುದರಿಂದ ಅಂಗಡಿ ಬ್ರಾಂಡಿಗೆ ಅಂಜಬೇಕಿಲ್ಲ. ಮೊದಲ ದರ್ಜೆ ಎಂದಿದ್ದು ಬೆಲೆ ಕಡಿಮೆಯಿದ್ದರೆ ಕೊಳ್ಳಿ. ಜಾಹೀರಾತಿನಲ್ಲಿ ಮಿಂಚುವ ಕೆಲವು ಹೆಸರುಗಳು ಮೂರನೆಯ ದರ್ಜೆಯವು ಎಂಬುದೂ ಹೊದಿಕೆ ಓದಿದರೆ ಗೊತ್ತಾಗುತ್ತದೆ. ಸಿಂಥೆಟಿಕ್ ಡಿಟರ್ಜೆಂಟಿನಿಂದ ಮಾಡಿದ ಮೃದು ಬಾರುಗಳಿಗೆ ಮಾತ್ರ ಈ ಅಳತೆ ಹೊಂದುವುದಿಲ್ಲ.

ತಪ್ಪು ಕಲ್ಪನೆ 5: ನೊರೆ ಜಾಸ್ತಿ ಬಂದರೆ ಚೆನ್ನಾಗಿ ತೊಳೆಯುತ್ತದೆ, ಘಮ ಜೋರಾದರೆ ಕೀಟಾಣು ಸಾಯುತ್ತದೆ

ಸತ್ಯ: ಬಟ್ಟೆ ಪುಡಿಯ ಕೆಲಸ ನೊರೆಯಿಂದ ನಡೆಯುವುದಿಲ್ಲ. ಜಿಡ್ಡು ಬಿಡಿಸುವ ರಾಸಾಯನಿಕ, ನೀರಿನ ಗಡಸುತನ ತಗ್ಗಿಸುವ ಅಂಶ, ಕಲೆ ಒಡೆಯುವ ಕಿಣ್ವ ಇವುಗಳಿಂದ ನಡೆಯುತ್ತದೆ. ಮುಂಬಾಗಿಲಿನ ವಾಷಿಂಗ್ ಮಷೀನಿಗಂತೂ ನೊರೆ ಹೆಚ್ಚಾದರೆ ತೊಂದರೆಯೇ. ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ, ಕೋಲಾರದ ಕಡೆ, ಬೋರ್‌ವೆಲ್ಲಿನ ಗಡಸು ನೀರಿರುವಲ್ಲಿ ಪುಡಿಯ ಗುಣ ಇನ್ನಷ್ಟು ಎದ್ದು ಕಾಣುತ್ತದೆ. ಅಗ್ಗದ ಪುಡಿಗಳಲ್ಲಿ ತೂಕ ತುಂಬಿಸಲು ಸೋಡಾ, ಉಪ್ಪಿನಂಥವೇ ಹೆಚ್ಚಿದ್ದು ಕಿಣ್ವ ಇಲ್ಲದಿರಬಹುದು.

ಬಟ್ಟೆ ಪುಡಿಯ ಮೇಲೆ ಆಹಾರದ ಪೊಟ್ಟಣದಂತೆ ಪೂರ್ತಿ ಪಟ್ಟಿ ಸಾಮಾನ್ಯವಾಗಿ ಇರುವುದಿಲ್ಲ. ಓದಿ ತಿಳಿಯಲಾಗದ್ದನ್ನು ಒಗೆದೇ ತಿಳಿಯಬೇಕು. ಸಣ್ಣ ಪೊಟ್ಟಣ ತಂದು, ಶಾಲೆ ಸಮವಸ್ತ್ರದ ಕಾಲರ್, ಅಡಿಗೆಮನೆಯ ಕೈಬಟ್ಟೆಯಂಥ ಕಷ್ಟದ ಕೊಳೆಯ ಮೇಲೆ ನೋಡಿ. ಬೆಲೆಯನ್ನು ಕಿಲೋ ಲೆಕ್ಕದಲ್ಲಲ್ಲ, ಒಂದು ಸರ್ತಿ ಒಗೆಯಲು ಎಷ್ಟು ಎಂದು ಹಾಕಿ. ಹೆಸರಾಂತ ಪುಡಿ ಕಿಲೋಗೆ 120 ರೂಪಾಯಿ, ಒಂದು ಒಗೆತಕ್ಕೆ 50 ಗ್ರಾಂ ಸಾಕು ಎಂದಿಟ್ಟುಕೊಳ್ಳಿ. ಖರ್ಚು 6 ರೂಪಾಯಿ. ಅಂಗಡಿಯ ಪುಡಿ ಕಿಲೋಗೆ 84, ಆದರೆ ಅಷ್ಟೇ ಕೊಳೆಗೆ 75 ಗ್ರಾಂ ಬೇಕಾಯಿತು ಎಂದರೆ 6 ರೂಪಾಯಿ 30 ಪೈಸೆ. ಅಗ್ಗವೇ ತುಟ್ಟಿಯಾಯಿತು. ಪಾತ್ರೆ ತೊಳೆಯುವ ಬಾರ್ ಮತ್ತು ದ್ರಾವಣಕ್ಕೂ ಇದೇ ಲೆಕ್ಕ: ಎಷ್ಟು ದಿನ ಬಂತು ಎನ್ನುವುದೇ ಬೆಲೆ.

ಫಿನಾಯಿಲ್ ವಿಷಯದಲ್ಲಿ ಕಣ್ಣು ಮೋಸ ಹೋಗುತ್ತದೆ. ಬಿಳಿ ಫಿನಾಯಿಲ್ ನೀರಿಗೆ ಬಿದ್ದೊಡನೆ ಹಾಲಿನಂತಾಗುವುದು ಅದರೊಳಗಿನ ಎಣ್ಣೆ ಸಣ್ಣ ಹನಿಗಳಾಗಿ ಹರಡುವುದರಿಂದ, ಕೀಟಾಣು ಕೊಲ್ಲುವ ಶಕ್ತಿಗೂ ಆ ಬಿಳುಪಿಗೂ ಸಂಬಂಧವಿಲ್ಲ. ಘಮವಂತೂ ಸುಗಂಧದ್ರವ್ಯದ್ದು. ಶಕ್ತಿ ಬೇಕೆಂದರೆ ಐಎಸ್‌ಐ ಗುರುತು ಮತ್ತು ದರ್ಜೆ ನೋಡಬೇಕು. ಟಾಯ್ಲೆಟ್ ಕ್ಲೀನರಿನಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಎಷ್ಟು ಶೇಕಡಾ ಎಂದು ಬರೆದಿರುತ್ತದೆ. ಪ್ರಮಾಣ ಹೆಚ್ಚುಕಡಿಮೆ ಒಂದೇ ಇದ್ದರೆ ಅಂಗಡಿ ಬ್ರಾಂಡೇ ಜಾಣತನ. ಯಾವ ಬ್ರಾಂಡಾದರೂ ಸರಿ, ಅದರ ಜೊತೆ ಬ್ಲೀಚ್ ಮಾತ್ರ ಬೆರೆಸಬಾರದು. ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

ತಪ್ಪು ಕಲ್ಪನೆ 6: ಅಕ್ಕಿ, ಬೇಳೆಗೆ ಪೊಟ್ಟಣದ ಹೆಸರೇ ಗುಣಮಟ್ಟ

ಸತ್ಯ: ಬೇಳೆಯ ಗುಣ ಪಾರದರ್ಶಕ ಪೊಟ್ಟಣದಾಚೆಯಿಂದಲೇ ಕಾಣುತ್ತದೆ. ಕಾಳಿನ ಗಾತ್ರ, ನುಚ್ಚು ಎಷ್ಟು, ಮಿರುಗು ಅತಿಯಾಗಿದೆಯೇ ಎಂದು ನೋಡಿದರೆ ಅರ್ಧ ಪರೀಕ್ಷೆ ಮುಗಿಯಿತು. ಉಳಿದರ್ಧ ಕುಕ್ಕರಿನಲ್ಲಿ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿಬೇಳೆ ಬೇಕೆಂದರೆ ಆ ಹೆಸರು ಪೊಟ್ಟಣದ ಮೇಲೆ ಇರಬೇಕು, ಬರೀ ‘ಪ್ರೀಮಿಯಂ’ ಎಂದರೆ ಏನೂ ಹೇಳಿದಂತಾಗದು. ಅಕ್ಕಿಯ ಪೊಟ್ಟಣದ ಮೇಲಿನ ದಿನಾಂಕ ಪ್ಯಾಕ್ ಮಾಡಿದ ತಿಂಗಳದ್ದು, ಕೊಯ್ಲಿನದಲ್ಲ. ಹಳೆ ಅಕ್ಕಿ ಹುಡುಕುವವರಿಗೆ ಅದು ನೆರವಿಗೆ ಬಾರದು.

ಬಿಡಿಯಾಗಿ ತೂಗಿಸಿಕೊಂಡ ಅಕ್ಕಿಬೇಳೆಗೆ ಜಿಎಸ್‌ಟಿ ಇಲ್ಲ. 25 ಕಿಲೋವರೆಗಿನ ಮೊದಲೇ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ್ದಕ್ಕೆ 2022ರ ಜುಲೈ 18ರಿಂದ 5 ಶೇಕಡಾ ಇದೆ. ಹಾಗಾಗಿ ಅಂಗಡಿ ಬ್ರಾಂಡನ್ನು ದೊಡ್ಡ ಬ್ರಾಂಡಿನ ಜೊತೆಗಷ್ಟೇ ಅಲ್ಲ, ಅದೇ ಅಂಗಡಿಯ ಬಿಡಿ ಮಾಲಿನ ಜೊತೆಗೂ ಹೋಲಿಸಿ.

ಬೆರಕೆಯ ಪದಾರ್ಥಗಳಲ್ಲಿ ಮಾತ್ರ ಹಿಂಬದಿ ಓದದೆ ಬುಟ್ಟಿಗೆ ಹಾಕಬಾರದು. ಪದಾರ್ಥಗಳ ಪಟ್ಟಿಯನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಮೊದಲು ಬರೆದದ್ದೇ ಎಲ್ಲಕ್ಕಿಂತ ಹೆಚ್ಚು. ಇಂಗಿನ ಡಬ್ಬಿಯಲ್ಲಿ ಮೈದಾ ಅಥವಾ ಅಕ್ಕಿಹಿಟ್ಟು, ಗೋಂದು ಮುಂದಿದ್ದು ಇಂಗು ಹಿಂದೆ ನಿಂತಿರುವುದು ಸಾಮಾನ್ಯ. ಹಣ್ಣಿನ ಜಾಮಿನಲ್ಲಿ ಸಾಮಾನ್ಯವಾಗಿ 45 ಶೇಕಡಾ ಹಣ್ಣಾದರೂ ಇರಬೇಕು. ಚಿಕೋರಿ ಬೆರೆಸಿದ ಕಾಫಿಪುಡಿಯಲ್ಲಿ ಕಾಫಿ 51 ಶೇಕಡಾಕ್ಕಿಂತ ಕಡಿಮೆ ಇರುವಂತಿಲ್ಲ, ಎರಡರ ಪ್ರಮಾಣವನ್ನೂ ಬರೆಯಲೇಬೇಕು. 80:20ರ ಪುಡಿಯನ್ನು 55:45ರ ಪುಡಿಯ ಜೊತೆ ಬೆಲೆಗೆ ಹೋಲಿಸಿ ‘ಅಂಗಡಿಯದೇ ಅಗ್ಗ’ ಎಂದರೆ ಆ ಲೆಕ್ಕ ನಿಲ್ಲುವುದಿಲ್ಲ. ಚಿಕೋರಿ ಕಾಫಿಗಿಂತ ಅಗ್ಗ.

ತಪ್ಪು ಕಲ್ಪನೆ 7: ದೊಡ್ಡ ಮಳಿಗೆ ಮಾರುತ್ತಿದೆ ಅಂದಮೇಲೆ ಸುರಕ್ಷಿತವೇ ಇರುತ್ತದೆ

ಸತ್ಯ: ಬಿಐಎಸ್ ಗುರುತಿಲ್ಲದ ಪ್ರೆಶರ್ ಕುಕ್ಕರ್‌ಗಳ ಮಾರಾಟಕ್ಕೆ ಅವಕಾಶ ಕೊಟ್ಟದ್ದಕ್ಕೆ 2022ರ ಆಗಸ್ಟ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ಮೇಲೆ ತಲಾ 1 ಲಕ್ಷ ರೂಪಾಯಿ ದಂಡದ ಆದೇಶ ಹೊರಡಿಸಿತು. ಅವು ಆ ತಾಣಗಳಲ್ಲಿ ಬೇರೆಯವರು ಮಾರಿದ ಕುಕ್ಕರ್‌ಗಳು. ಮಳಿಗೆ ಎಷ್ಟೇ ದೊಡ್ಡದಿರಲಿ, ಗುರುತನ್ನು ನಾವೇ ನೋಡಿಕೊಳ್ಳಬೇಕು ಎನ್ನುವುದಕ್ಕೆ ಇಷ್ಟು ಸಾಕು.

ಬೆಂಕಿ, ವಿದ್ಯುತ್ತು, ವಿಷ ಈ ಮೂರಕ್ಕೆ ಸಂಬಂಧಿಸಿದ ವಸ್ತು ಕೈಕೊಟ್ಟರೆ ಹೋಗುವುದು ಬರೀ ದುಡ್ಡಲ್ಲ. ಕುಕ್ಕರ್, ಗ್ಯಾಸ್ ಪೈಪು, ಪ್ಲಗ್ಗು ಇವಕ್ಕೆ ಐಎಸ್‌ಐ ಗುರುತು ಇಲ್ಲದಿದ್ದರೆ ಯಾವ ಹೆಸರಿದ್ದರೂ ಬೇಡ. ಎಲ್‌ಇಡಿ ಬಲ್ಬಿನ ಮೇಲೆ ‘ಆರ್’ ಅಕ್ಷರದಿಂದ ಶುರುವಾಗುವ ಬಿಐಎಸ್ ನೋಂದಣಿ ಸಂಖ್ಯೆ ಇರಬೇಕು. ಈ ಸಂಖ್ಯೆಗಳನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು. ಗುರುತು ಸರಿಯಿದ್ದರೆ ಮುಂದೆ ಬ್ರಾಂಡಿನ ಬದಲು ಲ್ಯೂಮೆನ್ ಮತ್ತು ವಾರಂಟಿ ನೋಡಿ. ಅಷ್ಟೇ ವ್ಯಾಟಿನ ಎರಡು ಬಲ್ಬುಗಳು ಕೊಡುವ ಬೆಳಕು ಒಂದೇ ಇರಬೇಕೆಂದಿಲ್ಲ.

ಸೊಳ್ಳೆ ನಿವಾರಕಗಳು ಕಾನೂನಿನ ಕಣ್ಣಲ್ಲಿ ಕೀಟನಾಶಕಗಳು. 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿಯಾಗಬೇಕು, ಟ್ರಾನ್ಸ್‌ಫ್ಲುಥ್ರಿನ್‌ನಂಥ ಸಕ್ರಿಯ ಅಂಶ ಎಷ್ಟು ಶೇಕಡಾ ಎಂದು ಬರೆದಿರಬೇಕು. ನೋಂದಣಿ ಸಂಖ್ಯೆಯಿದ್ದು ಅಂಶವೂ ಅಷ್ಟೇ ಇದ್ದರೆ ಅಂಗಡಿ ಬ್ರಾಂಡಿನ ರೀಫಿಲ್ ತರಬಹುದು, ನಿಮ್ಮ ಯಂತ್ರಕ್ಕೆ ಕೂರುವಂತಿರಬೇಕು ಅಷ್ಟೆ. ಸಂಖ್ಯೆಯೇ ಇಲ್ಲದ ‘ಸೊಳ್ಳೆ ಊದುಬತ್ತಿ’ಯನ್ನು ಪುಕ್ಕಟೆ ಕೊಟ್ಟರೂ ಮನೆಗೆ ತರಬೇಡಿ.

ತಪ್ಪು ಕಲ್ಪನೆ 8: ಅಂಗಡಿ ಬ್ರಾಂಡ್ ಕೆಟ್ಟರೆ ಕೇಳುವವರೇ ಇಲ್ಲ

ಸತ್ಯ: ‘ನಾವು ಮಾಡಿದ್ದಲ್ಲ, ಯಾರೋ ಮಾಡಿಕೊಟ್ಟದ್ದು’ ಎಂದು ಅಂಗಡಿಯವರು ಕೈತೊಳೆದುಕೊಳ್ಳುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಬೇರೆಯವರು ತಯಾರಿಸಿದ ವಸ್ತುವಿನ ಮೇಲೆ ತನ್ನ ಗುರುತು ಹಾಕಿಸುವವರೂ ತಯಾರಕರೇ. ಒಂದು ಲೆಕ್ಕದಲ್ಲಿ ಇದು ಗ್ರಾಹಕರಿಗೆ ಅನುಕೂಲ. ಮಾರಿದವರು, ಬ್ರಾಂಡಿನವರು ಇಬ್ಬರೂ ಒಂದೇ ಕೌಂಟರಿನಲ್ಲಿ ಸಿಗುತ್ತಾರೆ. ಬಿಲ್ಲು ಮತ್ತು ಬ್ಯಾಚ್ ಸಂಖ್ಯೆ ಕಾಣುವ ಪೊಟ್ಟಣ ಇಟ್ಟುಕೊಂಡಿದ್ದರೆ ಬದಲಿಸಿಕೊಡಿ ಎಂದು ಕೇಳುವುದು ಸುಲಭ. ಕೇಳಿಯೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಹಾಗಾದರೆ ಬುಟ್ಟಿಗೆ ಏನು?

ಕಣ್ಣುಮುಚ್ಚಿ ಕೊಳ್ಳಬಹುದಾದವು: ಸಕ್ಕರೆ, ಅಯೋಡಿನ್ ಉಪ್ಪು, ಅಡಿಗೆ ಸೋಡಾ, ಹತ್ತಿ.

ಲೇಬಲ್ ಓದಿ ಕೊಳ್ಳಬೇಕಾದವು: ಮೈಸೋಪು, ಫಾಯಿಲ್, ಟಿಶ್ಯೂ, ಟಾಯ್ಲೆಟ್ ಕ್ಲೀನರ್, ಫಿನಾಯಿಲ್, ಅಡಿಗೆ ಎಣ್ಣೆ, ಕಾಫಿಪುಡಿ, ಜಾಮ್, ಇಂಗು.

ನೋಡಿ, ಸಣ್ಣ ಪೊಟ್ಟಣದಲ್ಲಿ ಬಳಸಿ ತೀರ್ಮಾನಿಸಬೇಕಾದವು: ಬೇಳೆ, ಅಕ್ಕಿ, ಬಟ್ಟೆ ಪುಡಿ, ಪಾತ್ರೆ ಸೋಪು, ಉಪ್ಪಿನಕಾಯಿ, ಸಾಂಬಾರ್ ಪುಡಿ. ಇಲ್ಲಿ ಮನೆಯವರ ನಾಲಿಗೆ, ಮನೆಯ ನೀರು ಇವೇ ಕೊನೆಯ ಮಾತು.

ಗುರುತು ನೋಡದೆ ಮುಟ್ಟಬಾರದವು: ಕುಕ್ಕರ್, ಗ್ಯಾಸ್ ಪೈಪು, ವಿದ್ಯುತ್ ಸಾಮಾನು, ಸೊಳ್ಳೆ ನಿವಾರಕ.

ಇಡೀ ಪಟ್ಟಿಯನ್ನು ಒಂದೇ ತಿಂಗಳು ಬದಲಿಸಲು ಹೋಗಬೇಡಿ. ಯಾವುದು ಕೈಕೊಟ್ಟಿತು, ಯಾವುದು ಉಳಿಸಿತು ಎಂದು ತಿಳಿಯದೆ ಹೋಗುತ್ತದೆ. ಮೊದಲ ಗುಂಪನ್ನು ಈ ತಿಂಗಳೇ ಬದಲಿಸಿ. ಮೂರನೆಯ ಗುಂಪಿನಿಂದ ತಿಂಗಳಿಗೊಂದರಂತೆ ತಂದು ನೋಡಿ, ಒಪ್ಪಿಗೆಯಾದರೆ ಮಾತ್ರ ದೊಡ್ಡ ಪೊಟ್ಟಣಕ್ಕೆ ಹೋಗಿ.